ಗೆರೆಯವರೆಗೆ ನೀರು

ಚಹಾ ಕುಡಿಯುವಾಗ ಓಲಿವರ್ ಪೊರ್ಬುಗಳ ತೋರುಬೆರಳು ಕಪ್ಪಿನ ಹಿಡಿಯೊಳಗೆ ಹೋಗುತ್ತಿರಲಿಲ್ಲ. ಉಳಿದ ಬೆರಳುಗಳು ಕಪ್ಪನ್ನು ಅವುಚಿ ಹಿಡಿದಿದ್ದರೆ ಅದೊಂದು ಮಾತ್ರ, ತನಗೂ ಈ ಚಹಾಕ್ಕೂ ಸಂಬಂಧವೇ ಇಲ್ಲವೆಂಬಂತೆ, ನೆಟ್ಟಗೆ ಬದಿಗೆ ಒರಗಿರುತ್ತಿತ್ತು. ಇದು ದೊಡ್ಡಸ್ತಿಕೆ ಎಂದು ನಾನು ಮೊದಮೊದಲು ಒಳಗೊಳಗೇ ನಕ್ಕದ್ದುಂಟು. ಗುರಿ ನಿಲ್ಲುವ ತನಕ ಬೆರಳು ಕುದುರೆಯನ್ನು ಮುಟ್ಟಕೂಡದೆಂದು ತಂದೆ ಬಾಲ್ಯದಲ್ಲಿ ಕಲಿಸಿದ ಪಾಠ ಬಂದೂಕನ್ನು ದಾಟಿ ಕಪ್ಪು, ಬಕೆಟ್ಟು, ಕೊಡೆಗಳಿಗೂ ಹಬ್ಬಿತ್ತೆಂದು ಆಮೇಲೆ ತಿಳಿಯಿತು. ಟ್ರಿಗರಿಗೆ ಅವರ ಮನೆಯಲ್ಲಿ ಕುದುರೆ ಎಂದೇ ಹೆಸರು.

ನಮ್ಮೂರ ಕಡೆ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎಂದೇ ಕರೆಯುವುದು. ಇವರ ತಂದೆ ಊರಿನಲ್ಲಿ, ಶಿರ್ವದ ಕಡೆಯ ರೈತರ ಕೋವಿಗಳನ್ನು ರಿಪೇರಿ ಮಾಡುತ್ತಿದ್ದವರು. ಮಗ ಬಹರೈನಿಗೆ ಬಂದು ಟುಬ್ಲಿಯ ವರ್ಕ್‌ಶಾಪಿನಲ್ಲಿ ಲೇತ್ ಹಿಡಿದರು. ಶುಕ್ರವಾರ ಮಾತ್ರ, ಮದುವೆಗೆ ಹೊಲಿಸಿದ ಕಪ್ಪು ಕೋಟಿನ ತೋಳು ಕತ್ತರಿಸಿ ಮಾಡಿಕೊಂಡ ಮೇಲಂಗಿ ತೊಟ್ಟು, ಮರುಭೂಮಿಯ ಅಂಚಿನ ಶೂಟಿಂಗ್ ಕ್ಲಬ್ಬಿನ ರಿಪೇರಿ ಕೋಣೆಗೆ ಹೊರಡುವರು. ಕಾರು ಓಡಿಸಲು ಕಲಿಯದ ಅವರಿಗೆ ಸೀಫಿನ ಬ್ಯಾಂಕಿನ ಗುಮಾಸ್ತನಾದ ನಾನೇ ಸಾರಥಿ. "ಮದುವೆ ಕೋಟಿಗೆ ಎಣ್ಣೆ ಕುಡಿಸಿದ ಗಂಡಸು ಇವ್ರೊಬ್ರೇ," ಎಂದು ಹೆಂಡತಿ ಎಸ್ತರ್ ಬಾಯಿ ಬಾಗಿಲಲ್ಲಿ ನಿಂತು ಗೊಣಗುವರು. ಅದಕ್ಕೆ ಇವರ ಉತ್ತರ ಎಂದೂ ಒಂದೇ: "ನೋಡುವ."

ಆ ಚಳಿಗಾಲದಲ್ಲಿ ಕ್ಲಬ್ಬಿಗೆ ಅಝೀಝ್ ಬಂದರು. ಅವಾಲಿಯ ತೈಲ ಕಂಪನಿಯಲ್ಲಿ ದುಡಿದು ನಿವೃತ್ತರಾದ ಬಹರೈನಿ ಹಿರಿಯರು. ಕರಿಮದ್ದು ತುಂಬಿ ಹಾರಿಸುವ ಹಳೆಯ ಕಾಲದ ರಿವಾಲ್ವರಿನ ಹೊಸ ನಕಲೊಂದು ಅವರಲ್ಲಿತ್ತು. ಅದನ್ನು ಹಿಡಿದು ವರ್ಷಕ್ಕೊಮ್ಮೆ ಹಳೆಯ ಸಹೋದ್ಯೋಗಿಗಳೊಡನೆ ಸ್ಪರ್ಧೆಗೆ ನಿಲ್ಲುವುದೇ ಅವರಿಗೆ ಹಬ್ಬ. ಆ ವರ್ಷ ಬಲಗೈಗೆ ಲಕ್ವ ಹೊಡೆದು ಬೆರಳು ಸೋತಿತ್ತು. ಕುದುರೆ ಎಳೆಯಹೋದರೆ ಇಡೀ ತೋಳು ನಡುಗುತ್ತಿತ್ತು.

"ಗಾಳಿ ಬೀಸಿದರೂ ಕುದುರೆ ಬೀಳುವಷ್ಟು ಹಗುರ ಮಾಡಿಕೊಡು," ಎಂದರು ಹಿಂದಿಯಲ್ಲಿ.

ಪೊರ್ಬುಗಳು ಖಾಲಿ ರಿವಾಲ್ವರನ್ನು ಮೂತಿ ಮೇಲಾಗಿ ಮೇಜಿನ ವೈಸಿನ ದವಡೆಗೆ ಕಚ್ಚಿಸಿ, ಕುದುರೆಗೆ ದಾರ ಕಟ್ಟಿ ದೊಡ್ಡ ನೀರಿನ ಬಾಟ್ಲಿ ತೂಗುಬಿಟ್ಟರು. ಬಾಟ್ಲಿಗೆ ನೀರು ಸುರಿಯುತ್ತ ಹೋದರು. ಕಂಠದವರೆಗೆ ತುಂಬಿದ ಮೇಲೆ ಕುದುರೆ ಟಕ್ಕೆಂದಿತು. ಕುದುರೆಗೆ ಬೇಕಾದ ಭಾರವನ್ನು ಅಳೆಯುವ ಅವರ ತಕ್ಕಡಿ ಅದು. ಬಳಿಕ ಬಾಟ್ಲಿಯ ಹೊಟ್ಟೆಯ ಮೇಲೆ ಪೆನ್ನಿನಿಂದ ಗೆರೆಯೆಳೆದು, ಉಜ್ಜಿ ನಯ ಮಾಡಿ ಇಷ್ಟಕ್ಕೆ ಇಳಿಸಿಕೊಡುತ್ತೇನೆ, ಇದರಿಂದ ಕೆಳಗೆ ಸಾಧ್ಯವಿಲ್ಲ ಎಂದರು.

"ನನ್ನ ಬೆರಳು ಸತ್ತಿದೆ. ನಿನಗೆ ಕಬ್ಬಿಣದ್ದೇ ಚಿಂತೆ," ಎಂದ ಅಝೀಝ್ ಎದ್ದು ಹೊರಟೇಬಿಟ್ಟರು.

ನನಗೆ ಪೊರ್ಬುಗಳ ಮೇಲೆ ಸಿಟ್ಟು ಬಂತು. ಮುದುಕರ ಒಂದು ಆಸೆ, ಒಂದಿಷ್ಟು ಹೆಚ್ಚು ಉಜ್ಜಿದರೆ ಇವರ ಗಂಟೇನು ಹೋಗುತ್ತದೆ?

"ನಂಗೂ ಬೇಜಾರುಂಟು ಮಾರಾಯ," ಎಂದರು ಅವರು, ಕೋಟಿನ ಕಿಸೆಯಲ್ಲಿದ್ದ ಸಾಣೆಕಲ್ಲನ್ನು ಸವರುತ್ತ. "ನನ್ನ ಅಪ್ಪ ಹೀಗೇ ಒಬ್ರ ಒತ್ತಾಯಕ್ಕೆ ಕುದುರೆ ತೀರಾ ಹಗುರ ಮಾಡಿಕೊಟ್ರು. ಗೋಡೆಗೆ ಒರಗಿಸಿಟ್ಟ ಕೋವಿ ಜಾರಿ ಬಿತ್ತು, ಈಡು ಹಾರಿತು. ಜಗಲಿಯಲ್ಲಿ ಮಲಗಿದ್ದ ನಾಯಿ ಸತ್ತಿತು. ಮಕ್ಕಳು ಮಲಗುವ ಜಗಲಿ ಅದು. ಅಪ್ಪ ಮತ್ತೆ ಅರ ಮುಟ್ಲೇ ಇಲ್ಲ."

ಹೇಳಿದವರೇ ಬಾಟ್ಲಿಯನ್ನೂ ದಾರವನ್ನೂ ಬಾಚಿಕೊಂಡು, ಎಂದೂ ಅವಸರ ಕಾಣದ ತಮ್ಮ ಬಾತುಕೋಳಿ ನಡಿಗೆಯನ್ನು ಓಟವಾಗಿಸಿ, ಪಾರ್ಕಿಂಗಿನಲ್ಲಿ ಅಝೀಝರ ಕಾರಿಗೆ ಅಡ್ಡ ನಿಂತರು. ಬಾಟ್ಲಿಯ ತಳದಲ್ಲಿ ಗುಟುಕು ನೀರು ಉಳಿಸಿ, ದಾರದ ಕುಣಿಕೆಯನ್ನು ಆ ಸೋತ ಬೆರಳಿಗೆ ಸಿಕ್ಕಿಸಿದರು. "ಎತ್ತಿ, ಅಝೀಝ್ ಭಾಯ್. ನಾನು ಮೇಲಿನಿಂದ ಇಳಿಸ್ತೇನೆ, ನೀವು ಕೆಳಗಿನಿಂದ ಹತ್ತಿಸಿ. ಗೆರೆಯ ಹತ್ರ ಸಿಗುವ." ಅಝೀಝ್ ದುರುಗುಟ್ಟಿ ನೋಡಿದರು. ಬಾಟ್ಲಿ ಮಾತ್ರ ಎತ್ತಿದರು.

ಅಲ್ಲಿಂದ ಮುಂದಿನ ಶುಕ್ರವಾರಗಳ ಸುಖವನ್ನು ಈಗಲೂ ನೆನೆಯುತ್ತೇನೆ. ಒಂದು ಮೂಲೆಯಲ್ಲಿ ಪೊರ್ಬುಗಳು ಕಬ್ಬಿಣದ ಅಂಚುಗಳನ್ನು ಸಾಣೆಕಲ್ಲಿಗೆ ತಾಗಿಸಿಯೂ ತಾಗಿಸದಂತೆ ಸವರಿ, ಮತ್ತೆ ಜೋಡಿಸಿ, ಮತ್ತೆ ನೀರು ಸುರಿಯುವರು. ಇನ್ನೊಂದು ಮೂಲೆಯಲ್ಲಿ ಅಝೀಝ್ ಹಲ್ಲು ಕಚ್ಚಿ, ಅದೇ ಎತ್ತರಕ್ಕೆ ಗೆರೆಯೆಳೆದ ಇನ್ನೊಂದು ಬಾಟ್ಲಿ ಎತ್ತುವರು. ನಡುವೆ ನಾನು ಚಹಾ ಹಂಚುವವನು. ಪೊರ್ಬುಗಳ ಬಾಟ್ಲಿ ಬೇಗ ಗೆರೆಗಿಳಿಯಿತು. ಅಝೀಝರದು ಹತ್ತದೆ ಸತಾಯಿಸಿ, ಸ್ಪರ್ಧೆಯ ಹಿಂದಿನ ವಾರವಷ್ಟೇ ಗೆರೆ ಮುಟ್ಟಿತು.

ಸ್ಪರ್ಧೆಯ ದಿನ ಅಝೀಝರ ಗುಂಡು ಗುರಿಹಲಗೆಯ ಅಂಚನ್ನು ಸವರಿಕೊಂಡು ಹೋಯಿತು. ಬಿಳಿಯ ಹೊಗೆ ದಟ್ಟವಾಗಿ ಕವಿದು, ಊರಿನ ಇಗರ್ಜಿಯ ಹಬ್ಬಕ್ಕೆ ಸಿಡಿಸುವ ಗರ್ನಾಲಿನ ವಾಸನೆ ಬಹರೈನಿನ ಮರಳಿನ ಮೇಲೆ ಹರಡಿತು. ಹೊಗೆಯೊಳಗಿಂದ ಮೊದಲು ಕೇಳಿಸಿದ್ದು ಅಝೀಝರ ನಗು. ಪೊರ್ಬುಗಳು ಕಣ್ಣೊರೆಸಿಕೊಂಡು "ಮದ್ದಿನ ಹೊಗೆ" ಎಂದರು. ಗಾಳಿ ಆಚೆ ಕಡೆಗೆ ಬೀಸುತ್ತಿತ್ತು, ಹೊಗೆ ಅವರತ್ತ ಬಂದೇ ಇರಲಿಲ್ಲ. ಆಮೇಲೆ ಮೂವರೂ ಚಹಾಕ್ಕೆ ಕೂತೆವು. ಅಝೀಝರ ಬೆರಳು ಕಪ್ಪಿನ ಹಿಡಿಯೊಳಗೆ ಗಟ್ಟಿಯಾಗಿ ಕೊಂಡಿ ಹಾಕಿತ್ತು, ಪೊರ್ಬುಗಳದು ಎಂದಿನಂತೆ ನೆಟ್ಟಗಿತ್ತು.

ಕಳೆದ ವರ್ಷ ಪೊರ್ಬುಗಳು ಎಸ್ತರ್ ಬಾಯಿಯೊಡನೆ ಊರಿಗೆ ಮರಳಿದರು; ಶುಕ್ರವಾರ ಕಾರು ಹತ್ತಿದರೆ ಪಕ್ಕದ ಸೀಟು ಬಿಕೋ ಎನ್ನುತ್ತದೆ. ಕೇಳಿದ್ದನ್ನೆಲ್ಲ ಕೊಟ್ಟು ಒಳ್ಳೆಯವರೆನಿಸಿಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಗೆರೆಯೆಳೆದು ಬೈಸಿಕೊಂಡು, ಆ ಗೆರೆಯವರೆಗೆ ನಮ್ಮನ್ನು ಹತ್ತಿಸಲು ತಾವೇ ಬೆನ್ನಟ್ಟಿ ಬರುವ ಈ ಜಾತಿಯ ಜನ ಅಪರೂಪ. ಅಂಥವರು "ಆಗುವುದಿಲ್ಲ" ಎಂದ ಕೂಡಲೇ ನಾವು ಕಾರು ಹೊರಡಿಸಬಾರದು. ಅವರು ಬಾಟ್ಲಿ, ದಾರ ಹಿಡಿದು ಬರುತ್ತಿರುತ್ತಾರೆ.