ಅಮ್ಮನ ಪಕ್ಕದ ಜಾಗ

“ನಿಂತ್ಕೊಂಡೇ ಹೇಳು ನೋಯೆಲ್. ಕೂತ್ರೆ ಟೀ ಕೊಡಬೇಕಾಗತ್ತೆ,” ಎಂದಳು ಡೆಲಿಮಾ, ಹೆಣೆಯುತ್ತಿದ್ದ ಆಲೂಗಡ್ಡೆ ತುಂಬುವ ಬುಟ್ಟಿಯಿಂದ ಕಣ್ಣೆತ್ತದೆ.

ನೋಯೆಲ್ ಮೂಲನಿವಾಸಿಗಳಾದ ನಮಗೆ ಸರ್ಕಾರ ಬಿಟ್ಟುಕೊಟ್ಟ ಮೀಸಲು ನೆಲದ ಮುಖ್ಯಸ್ಥ, ಡೆಲಿಮಾಗೆ ಚಿಕ್ಕಪ್ಪನ ಮಗ. ವರ್ಷಗಟ್ಟಲೆ ಅವಳ ವಿರುದ್ಧ ನಿಂತವನು ಇವತ್ತು ನದಿ ದಾಟಿ, ಟೋಪಿ ಕೈಯಲ್ಲಿ ಹಿಡಿದು ಅವಳ ಮನೆಗೆ ಬಂದಿದ್ದ.

“ಕಾನೂನು ಬದಲಾಯ್ತಲ್ಲ ಅಕ್ಕ. ಇನ್ನು ನೀನು ಮತ್ತೆ ನಮ್ಮೋಳು.”

“ಯಾವತ್ತು ಬೇರೆಯೋಳಾಗಿದ್ದೆ?”

ಎಂಥ ಕಾನೂನು ಅದು. ನಮ್ಮ ಹೆಣ್ಣು ಹೊರಗಿನವನನ್ನು ಮದುವೆಯಾದರೆ ಸರ್ಕಾರದ ಲೆಕ್ಕದಲ್ಲಿ ಅವಳು ‘ಇಂಡಿಯನ್’ ಅಲ್ಲವೇ ಅಲ್ಲ; ನಮ್ಮಂಥ ಮೂಲನಿವಾಸಿಗಳಿಗೆ ಬಿಳಿಯರು ಇಟ್ಟ ಹೆಸರು ಅದು. ನಮ್ಮ ನೆಲದಲ್ಲಿ ಇರಲು ಮನೆಯಿಲ್ಲ, ಸತ್ತರೆ ಮಣ್ಣೂ ಇಲ್ಲ. ನಮ್ಮ ಗಂಡು ಬಿಳಿಯಳನ್ನು ಕಟ್ಟಿಕೊಂಡು ಬಂದರೆ ಮಾತ್ರ ಆಕೆ ಬೆಳಗಾಗುವುದರೊಳಗೆ ನಮ್ಮವಳು. ಡೆಲಿಮಾ, ಅವಳ ತಂಗಿ ಫಿಲೋಮಿನ್ ಇಬ್ಬರೂ ಆಚೆ ದಡದ ಮರದ ಮಿಲ್ಲಿನ ಬಿಳಿಯರನ್ನು ಮದುವೆಯಾಗಿದ್ದರು. ಇಬ್ಬರೂ ತಮ್ಮಂಥ ಹೆಂಗಸರನ್ನು ಜೊತೆ ಸೇರಿಸಿಕೊಂಡು ರಾಜಧಾನಿ ಒಟ್ಟಾವಾ ತನಕ ನಡೆದರು, ಕೋರ್ಟು ಹತ್ತಿದರು. ಗೆಲ್ಲುವ ಮೊದಲೇ ಫಿಲೋಮಿನ್ ಹೋದಳು. ಶವಪೆಟ್ಟಿಗೆ ದೋಣಿಯಲ್ಲಿ ನಮ್ಮ ದಡಕ್ಕೆ ಬಂದಾಗ ಸ್ಮಶಾನದ ಗೇಟಿಗೆ ಬೀಗ ಹಾಕಿದವನು ನೋಯೆಲ್. ಪೆಟ್ಟಿಗೆ ಬಂದ ದಾರಿಯಲ್ಲೇ ವಾಪಸು ಹೋಗಿ ಆಚೆ ದಡದಲ್ಲೇ ಮಣ್ಣು ಸೇರಿತು. ಅವತ್ತು ನಾವೆಲ್ಲ ಸುಮ್ಮನೆ ನಿಂತು ನೋಡಿದೆವು.

“ನಿನ್ನ ಫೋಟೋ ಶಾಲೆ ಪುಸ್ತಕಕ್ಕೆ ಹಾಕ್ತಾರಂತೆ,” ಎಂದ ನೋಯೆಲ್. “ಸಭಾಭವನಕ್ಕೂ ನಿನ್ನ ಹೆಸರೇ. ಮತ್ತೆ... ಸ್ಮಶಾನದಲ್ಲಿ ನಿಮ್ಮಮ್ಮನ ಪಕ್ಕ ಒಂದು ಜಾಗ ಉಳಿದಿದೆ. ನಿನಗೇ ಅಂತ ಇಟ್ಟಿದೀವಿ.”

“ಅಮ್ಮನಿಗೆ ಎರಡು ಪಕ್ಕ ಇದೆಯಲ್ಲೋ.”

“ಇನ್ನೊಂದು ಕಡೆ ಮಾರ್ಗರೆಟ್ ಇದಾಳೆ.”

ಮಾರ್ಗರೆಟ್ ತೀರಿಹೋದ ಅವನ ಹೆಂಡತಿ, ಪಟ್ಟಣದ ಬಿಳಿಯಳು. ಒಳ್ಳೆಯ ಹೆಂಗಸೇ, ಪಾಪ.

“ಫಿಲೋಮಿನ್?”

“ಕಾನೂನು ಬದುಕಿರೋರಿಗೆ ಅಕ್ಕ. ಸತ್ತೋರ ಮಾತು ಅದರಲ್ಲಿ ಇಲ್ಲ. ಅವತ್ತು ನಾನು ಹಾಗೆ ಮಾಡಬಾರದಿತ್ತು.”

“ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.” ಡೆಲಿಮಾ ಬುಟ್ಟಿ ಕೆಳಗಿಟ್ಟಳು. “ಆ ಜಾಗ ನಂದು ತಾನೆ? ನಂದಾದ್ರೆ ಯಾರಿಗೆ ಬೇಕಾದ್ರೂ ಕೊಡ್ತೀನಿ. ಅವಳನ್ನ ಕರ್ಕೊಂಡು ಬಂದು ಅಲ್ಲಿ ಮಲಗಿಸು.”

“ಮತ್ತೆ ನೀನು?”

“ಇಲ್ಲೇ ಇದೆಯಲ್ಲ, ಅವಳು ಖಾಲಿ ಮಾಡೋ ಜಾಗ.”

“ಅಕ್ಕ, ಇಷ್ಟು ವರ್ಷ ಜಗಳ ಆಡಿದ್ದು ಯಾತಕ್ಕೆ ಮತ್ತೆ?”

“ಸಾಯೋವಾಗ ಅವಳು ನನ್ನ ಹತ್ರ ಬೇರೇನೂ ಕೇಳಲಿಲ್ಲ ಕಣೋ. ಅಮ್ಮನ ಪಕ್ಕ ಅಂದ್ಲು, ಅಷ್ಟೇ.”

ನೋಯೆಲ್ ಹೇಳಿಸಿಕೊಳ್ಳದೆ ಕುರ್ಚಿ ಎಳೆದು ಕೂತ. ಅವಳು ಎದ್ದು ಟೀಗೆ ನೀರಿಟ್ಟಳು.

ಹಿಮ ಕರಗಿ ನೆಲ ಮೆತ್ತಗಾದ ಮೇಲೆ ಫಿಲೋಮಿನ್ ನದಿ ದಾಟಿ ಬಂದಳು. ಗುಂಡಿಯನ್ನು ನೋಯೆಲ್ ತಾನೇ ತೋಡಿದ್ದ; ಸಲಿಕೆ ಯಾರ ಕೈಗೂ ಕೊಡಲಿಲ್ಲ. ಎಲ್ಲ ಮುಗಿದು ಜನ ಕರಗಿದರೂ ಡೆಲಿಮಾ ಹೊರಡಲಿಲ್ಲ. ಅಮ್ಮನ ಕಲ್ಲಿಗೂ ಹೊಸ ಮಣ್ಣಿಗೂ ನಡುವೆ ಒಬ್ಬರು ಕೂರುವಷ್ಟು ಹುಲ್ಲಿತ್ತು. ಅವಳು ಕಾಲು ಚಾಚಿ ಅಲ್ಲಿ ಕೂತಳು, ಒಂದು ಕೈ ಅತ್ತ, ಒಂದು ಕೈ ಇತ್ತ ಊರಿಕೊಂಡು.