ಹೆಲ್ಮೆಟ್ಟಪ್ಪನ ಎಡಗಣ್ಣು

ಹಲ್ಲಣ್ಣನ ಕೋಣೆಯಲ್ಲಿ ಬಾಯಿಗಳಿಗೇನೂ ಕೊರತೆಯಿರಲಿಲ್ಲ. ಕಪಾಟಿನ ಉದ್ದಕ್ಕೂ ಬಾಯಿಗಳೇ. ಮೇಲ್ದವಡೆ, ಕೆಳದವಡೆ, ಹಲ್ಲಿದ್ದದ್ದು, ಇಲ್ಲದ್ದು, ಎಲ್ಲವೂ ಪ್ಲಾಸ್ಟರಿನಲ್ಲಿ ಎರಕ ಹೊಯ್ದವು. ಊರಿನ ಹಲ್ಲಿನ ಡಾಕ್ಟರುಗಳು ಅಳತೆ ತೆಗೆದು ಕಳಿಸುತ್ತಾರೆ, ಇವನು ಅದಕ್ಕೆ ತಕ್ಕ ಹಾಗೆ ಮೇಣದಲ್ಲಿ ಹಲ್ಲು ಕೂರಿಸಿ ಸೆಟ್ಟು ಮಾಡಿ ವಾಪಸು ಕಳಿಸುತ್ತಾನೆ. ಯಾರು ಎಡಗಡೆಯಲ್ಲೇ ಅಗಿಯುತ್ತಾರೆ, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ ಎಂದು ಅಚ್ಚು ನೋಡಿಯೇ ಹೇಳಬಲ್ಲ. ಆದರೆ ಆ ಬಾಯಿಯ ಮೇಲಿರುವ ಮೂಗು ಎಂಥದು, ಕಣ್ಣು ಎಂಥವು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ರೋಗಿಗಳು ಡಾಕ್ಟರ ಹತ್ತಿರ ಹೋಗುತ್ತಾರೆ. ಹಲ್ಲು ಮಾಡುವವನ ಹತ್ತಿರ ಯಾರು ಬರುತ್ತಾರೆ?

ಬರುತ್ತಿದ್ದವನು ಒಬ್ಬನೇ. ಸ್ಕೂಟರಿನಲ್ಲಿ ಡಬ್ಬಿ ಹೊತ್ತು ಡಾಕ್ಟರುಗಳ ಕ್ಲಿನಿಕ್ಕಿಗೂ ಇವನ ಕೋಣೆಗೂ ಓಡಾಡುವ ಒಬ್ಬ ಹಿರಿಯ. ಮಹಡಿ ಹತ್ತಿ ಬಂದು, ಬಾಗಿಲಲ್ಲೇ ನಿಂತು, ಬಂದ ಡಬ್ಬಿ ಕೆಳಗಿಟ್ಟು, ಹೋಗಬೇಕಾದದ್ದನ್ನು ಎತ್ತಿಕೊಂಡು, "ಬರ್ತೀನಿ ಸಾರ್" ಎಂದು ಇಳಿದುಬಿಡುತ್ತಿದ್ದ. ತಲೆಯಿಂದ ಹೆಲ್ಮೆಟ್ಟು ಇಳಿದದ್ದನ್ನು ಹಲ್ಲಣ್ಣ ಕಂಡೇ ಇರಲಿಲ್ಲ. ಹಾಗಾಗಿ ಮನಸ್ಸಿನಲ್ಲೇ ಅವನಿಗೊಂದು ಹೆಸರಿಟ್ಟಿದ್ದ, ಹೆಲ್ಮೆಟ್ಟಪ್ಪ ಅಂತ.

ಹಲ್ಲಣ್ಣನಿಗೆ ಮದುವೆ ಅಂತ ಒಂದು ಆಗಿತ್ತು, ನಿಲ್ಲಲಿಲ್ಲ. ಅಕ್ಕ ಇನ್ನೊಂದು ಊರಿನಲ್ಲಿದ್ದಳು. ಭಾನುವಾರ ಫೋನು ಮಾಡಿ ಗ್ಯಾಸು ಆರಿಸಿದ್ದೀಯಾ, ಬನಿಯನ್ನು ಹರಿದಿದ್ದರೆ ಹೊಸದು ತಗೋ ಎಂದು ಹೇಳಿ ಇಟ್ಟುಬಿಡುತ್ತಿದ್ದಳು. ಭಾವ ತೀರಿಕೊಂಡ ವರ್ಷ ಅವನ ಕ್ಯಾಮೆರಾವನ್ನೂ ಒಂದು ಹಳೆಯ ಲೆನ್ಸನ್ನೂ ತಂದು ಇವನ ಕೈಗಿಟ್ಟಿದ್ದಳು. ನನಗ್ಯಾಕೆ ಇದು, ಕಂಡರೆ ಕಣ್ಣು ತುಂಬುತ್ತೆ, ನೀನೇ ಇಟ್ಟುಕೋ ಎಂದಿದ್ದಳು. ಐವತ್ತು ಎಂ.ಎಂ. ಲೆನ್ಸು. ಜೂಮ್ ಆಗುವುದಿಲ್ಲ, ತನ್ನಷ್ಟಕ್ಕೆ ಫೋಕಸ್ ಮಾಡುವುದಿಲ್ಲ. ಹತ್ತಿರ ಬೇಕಾದರೆ ನೀನೇ ಹತ್ತಿರ ಹೋಗು, ಸ್ಪಷ್ಟ ಬೇಕಾದರೆ ಉಂಗುರವನ್ನು ನೀನೇ ತಿರುಗಿಸು ಎನ್ನುವ ಜಾತಿಯದು.

ಅದನ್ನು ಹೇಗೆ ಹಿಡಿಯುವುದು ಎಂದು ಹುಡುಕುತ್ತ ಹೋಗಿ ಅವನು ಫೋನಿನಲ್ಲಿ ಒಂದು ಗುಂಪಿಗೆ ಸೇರಿದ. ಗುಂಪಿನ ಹೆಸರು 'ತಿರುಗಿಸುವವರು'. ಎಲ್ಲರ ಹತ್ತಿರವೂ ಅಂಥವೇ ಹಳೆಯ ಲೆನ್ಸುಗಳು. ಚಿತ್ರ ಹಾಕುವುದು, ಒಬ್ಬರ ಕಾಲು ಇನ್ನೊಬ್ಬರು ಎಳೆಯುವುದು, ಲೆನ್ಸಿನೊಳಗೆ ಬೂಷ್ಟು ಹಿಡಿದರೆ ಏನು ಮಾಡುವುದು, ಉಂಗುರ ಬಿಗಿಯಾದರೆ ಯಾವ ಎಣ್ಣೆ ಎಂದು ಮಾತಾಡುವುದು. ಗುಂಪಿನ ಯಜಮಾನಿಕೆ ಒಬ್ಬ ನಿವೃತ್ತ ಟೀಚರಮ್ಮನದು, ಎಲ್ಲರೂ ಹೆಡ್‌ಮಿಸ್ ಎನ್ನುತ್ತಿದ್ದರು. ಹಡಗಿನಲ್ಲಿ ಅಡುಗೆ ಮಾಡುವವನೊಬ್ಬ ಇದ್ದ, ಸಮುದ್ರದ ಮಧ್ಯದಿಂದ ಈರುಳ್ಳಿಯ ಚಿತ್ರ ಕಳಿಸುತ್ತಿದ್ದ. ಬೇಕರಿಯವನೊಬ್ಬ ಇದ್ದ, ಅವನ ಲೆನ್ಸಿಗೆ ಸದಾ ಹಿಟ್ಟು. ಹಲ್ಲಣ್ಣ ಎಂದು ಇವನಿಗೆ ಹೆಸರಿಟ್ಟವನು ಆ ಬೇಕರಿಯವನೇ.

ಅವರೆಲ್ಲ ಬೆರಳಿಗೆ ಸೋಮಾರಿಗಳು, ಟೈಪು ಮಾಡುತ್ತಿರಲಿಲ್ಲ, ದನಿ ಕಳಿಸುತ್ತಿದ್ದರು. ಹಲ್ಲಣ್ಣ ಮಾತ್ರ ಟೈಪು ಮಾಡುತ್ತಿದ್ದ. ಬೆಳಿಗ್ಗೆ ಕೆಲಸಕ್ಕೆ ಕೂತರೆ ಅವರ ದನಿಗಳನ್ನು ಒಂದರ ಹಿಂದೊಂದು ಹಾಕಿಕೊಂಡು ಮೇಣ ಕಾಯಿಸುತ್ತಿದ್ದ. ಹೊಸದು ಮುಗಿದರೆ ಹಳೆಯದು. ಹೆಡ್‌ಮಿಸ್‌ಗೆ ಎಲ್ಲಿ ಕೆಮ್ಮು ಬರುತ್ತದೆ, ಹಡಗಿನವನ ಹಿಂದೆ ಯಾವಾಗ ಪಾತ್ರೆ ಬೀಳುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಆ ಕೋಣೆಯಲ್ಲಿ ಮಾತು ಅಂತ ಇದ್ದದ್ದು ಅದೊಂದೇ.

ಹೀಗಿರುವಾಗ ಹೆಡ್‌ಮಿಸ್ ಒಂದು ಫರ್ಮಾನು ಹೊರಡಿಸಿದರು.

"ನೋಡ್ರಪ್ಪ, ಎಷ್ಟು ದಿನ ಅಂತ ಕಿಟಕಿ, ಲೋಟ, ಬೆಕ್ಕು ನೋಡ್ತಾ ಕೂರೋದು? ಈ ತಿಂಗಳು ಮನುಷ್ಯರ ಮುಖ ಬೇಕು. ಅಪರ್ಚರ್ ಪೂರ್ತಿ ತೆರೆದಿರಬೇಕು, ಕಣ್ಣು ಶಾರ್ಪ್ ಇರಬೇಕು. ಕೊನೇ ಶನಿವಾರ ಸಂಜೆ ಒಳಗೆ ಹಾಕದೇ ಇದ್ದವರು ಜಾಗ ಖಾಲಿ ಮಾಡಿ. ಹೊರಗೆ ಜನ ಕಾಯ್ತಿದಾರೆ."

ಬೇರೆಯವರಿಗೆ ಅದೊಂದು ಆಟ. ಬೇಕರಿಯವನು ಅಂದೇ ತನ್ನ ಅತ್ತೆಯ ಮುಖ ಹಾಕಿದ, ರೆಪ್ಪೆಗಳನ್ನು ಎಣಿಸಬಹುದಿತ್ತು. ಅತ್ತೆ ಅಷ್ಟು ಹತ್ತಿರ ಬಿಟ್ಟುಕೊಂಡರಾ ಎಂದು ಎಲ್ಲರೂ ಹಾಸ್ಯ ಮಾಡಿದರು. ಹಲ್ಲಣ್ಣ ಮೇಣದ ಚಾಕು ಕೆಳಗಿಟ್ಟು ಕೋಣೆಯ ಸುತ್ತ ನೋಡಿದ. ಅಷ್ಟೊಂದು ದವಡೆಗಳಿದ್ದವು. ಒಂದು ಮುಖವೂ ಇರಲಿಲ್ಲ.

ಅವನಿಗೆ ಹೊಳೆದದ್ದು ತನ್ನದೇ ಮುಖ. ಆದರೆ ಕ್ಯಾಮೆರಾದ ಹಿಂದೆ ನಿಂತು ಉಂಗುರ ತಿರುಗಿಸುವವನೂ ತಾನೇ, ಎದುರು ಕೂರುವವನೂ ತಾನೇ ಆದರೆ ಫೋಕಸ್ ಮಾಡುವುದು ಯಾವುದರ ಮೇಲೆ? ಸ್ಟೂಲಿನ ಮೇಲೆ ಪ್ಲಾಸ್ಟರಿನ ಡಬ್ಬಗಳನ್ನು ಪೇರಿಸಿ, ತುದಿಯಲ್ಲಿ ಮೇಲ್ದವಡೆ ಕೆಳದವಡೆ ಜೋಡಿಸಿದ ಒಂದು ಅಚ್ಚನ್ನು ತನ್ನ ತಲೆ ಬರುವ ಎತ್ತರಕ್ಕೆ ಇಟ್ಟ. ಹಲ್ಲಿನ ಅಂಚು ನಿಚ್ಚಳ, ಫೋಕಸ್ ಹಿಡಿಯಲು ಅದಕ್ಕಿಂತ ಸುಲಭದ್ದು ಬೇರೆ ಇಲ್ಲ. ಹಿಡಿದ, ಟೈಮರ್ ಒತ್ತಿದ, ಓಡಿಹೋಗಿ ಅಚ್ಚನ್ನೂ ಡಬ್ಬಗಳನ್ನೂ ಸರಿಸಿ ಅದೇ ಜಾಗದಲ್ಲಿ ಕೂತು, ನಗಬೇಕು ಎಂದು ನೆನಪಾಗಿ ನಕ್ಕ.

ಚಿತ್ರ ಹಾಕಿದ ಸ್ವಲ್ಪ ಹೊತ್ತಿಗೇ ಹಡಗಿನವನ ನಗು ಕೇಳಿಸಿತು. ಬೆಳಕು ಬಿಡುವ ರಂಧ್ರವನ್ನು, ಅಂದರೆ ಅಪರ್ಚರನ್ನು, ಪೂರ್ತಿ ತೆರೆದು ಹತ್ತಿರದಿಂದ ತೆಗೆದರೆ ಶಾರ್ಪ್ ಬರುವುದು ಒಂದು ಬೆರಳಿನ ದಪ್ಪದಷ್ಟು ಜಾಗ ಮಾತ್ರ. ಹಲ್ಲಣ್ಣ ಅಚ್ಚಿನ ಹಲ್ಲಿಗೆ ಫೋಕಸ್ ಮಾಡಿದ್ದ, ಅದೇ ಜಾಗಕ್ಕೆ ಸರಿಯಾಗಿ ತನ್ನ ಹಲ್ಲನ್ನೇ ತಂದು ಇಟ್ಟಿದ್ದ. ಹಲ್ಲು ಫಳಫಳ, ಅದರ ಹಿಂದೆ ಕಣ್ಣು ಬರೀ ಮಂಜು. ಇದು ಮುಖವಲ್ಲ, ಅಂಗಡಿಯ ಬೋರ್ಡು ಎಂದ ಹಡಗಿನವನು. ಹಲ್ಲಣ್ಣನಿಗೂ ನಗು ಬಂತು. ಆದರೆ ಹೆಡ್‌ಮಿಸ್ ನಗಲಿಲ್ಲ. ಗುಂಡಿ ಒತ್ತಲೂ ಅಲ್ಲಿ ಒಬ್ಬರಿಲ್ಲವಾ ಎಂದು ಕೇಳಿದರು, ಆಮೇಲೆ ಇಷ್ಟು ಹೇಳಿದರು: "ನಿಮ್ಮ ಮುಖ ಲೆಕ್ಕಕ್ಕಿಲ್ಲ ಹಲ್ಲಣ್ಣ. ಎದುರಿಗೆ ಒಬ್ಬರು ಇರಬೇಕು. ಯಾರನ್ನಾದ್ರೂ ಕೇಳಿ."

ಕೇಳಿ ಎಂದರೆ ಎಷ್ಟು ಸುಲಭ. ಕೆಳಗಿನ ಔಷಧಿ ಅಂಗಡಿಯವನನ್ನು ಕೇಳೋಣವೆಂದು ಹೋಗಿ ಬೇಡದ ಮಾತ್ರೆ ಕೊಂಡು ಬಂದ. ಪಾರ್ಕಿನ ಬೆಂಚಿನಲ್ಲಿ ಕ್ಯಾಮೆರಾ ತೊಡೆಯ ಮೇಲಿಟ್ಟು ಕೂತ. ಹತ್ತಿರದಿಂದ ತೆಗೆಯುವ ಲೆನ್ಸು, ದೂರದಲ್ಲಿ ಕೂತು ಕದಿಯಲು ಆಗುವಂಥದಲ್ಲ. ಒಬ್ಬ ಹೆಂಗಸು ತನ್ನ ಚೀಲವನ್ನು ಆ ಪಕ್ಕದಿಂದ ಈ ಪಕ್ಕಕ್ಕೆ ಸರಿಸಿಕೊಂಡಳು. ಅವನು ಎದ್ದು ಬಂದ.

ಕೊನೆಯ ಶನಿವಾರವೂ ಬಂತು. ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಲ್ಮೆಟ್ಟಪ್ಪನ ಕಾಲಸಪ್ಪಳ ಕೇಳಿದಾಗ ಹಲ್ಲಣ್ಣ ಕ್ಯಾಮೆರಾ ಕೈಗೆತ್ತಿಕೊಂಡ. ಡಬ್ಬಿ ಕೆಳಗಿಟ್ಟವನ ಮುಂದೆ ಮಾತು ತಡವರಿಸಿ, ಒಂದೇ ಒಂದು ಫೋಟೋ ತೆಗೆಯಬಹುದಾ ಎಂದು ಕೇಳಿದ.

"ನಂದಾ? ಏನ್ ತಪ್ಪು ಮಾಡಿದೀನಿ ಸಾರ್?"

ತಪ್ಪಲ್ಲ, ಒಂದು ಗುಂಪಿದೆ, ಈ ಸಂಜೆಯೊಳಗೆ ಒಬ್ಬರ ಮುಖ ಹಾಕದಿದ್ದರೆ ನನ್ನನ್ನು ತೆಗೆದುಹಾಕುತ್ತಾರೆ ಎಂದು ಹಲ್ಲಣ್ಣ ವಿವರಿಸಿದ. ಹೇಳುತ್ತ ಹೇಳುತ್ತ ಅದು ಎಷ್ಟು ಸಣ್ಣ ಸಂಗತಿ ಎನಿಸಿ ನಾಚಿಕೆಯಾಯಿತು. ಹೆಲ್ಮೆಟ್ಟಪ್ಪ ಅದನ್ನು ಸಣ್ಣದೆಂದು ತಿಳಿಯಲಿಲ್ಲ. ಕೆಲಸ ಕಳೆದುಕೊಳ್ಳುವವರ ಮಾತು ಕೇಳಿದಂತೆ ತಲೆಯಾಡಿಸಿ, ಒಳಗೆ ಬಂದು, ಸ್ಟೂಲಿನ ಮೇಲೆ ಕೂತು, ಗದ್ದದ ಪಟ್ಟಿ ಬಿಚ್ಚಿದ.

ಹೆಲ್ಮೆಟ್ಟು ಇಳಿಯಿತು. ಬೋಳುತಲೆ, ಹಣೆಯ ಮೇಲೆ ಹೆಲ್ಮೆಟ್ಟಿನ ಸ್ಪಂಜು ಒತ್ತಿದ ಗೆರೆ ಅಚ್ಚು ತೆಗೆದಂತೆ ಕೂತಿತ್ತು. ಮುಂದಿನ ಎರಡು ಹಲ್ಲಿರಲಿಲ್ಲ.

"ಊರಿನ ಹಲ್ಲೆಲ್ಲ ಹೊತ್ಕೊಂಡು ತಿರುಗ್ತೀನಿ, ನನ್ನದೇ ನನಗಿಲ್ಲ. ಬಾಯಿ ತೆರೆಯಲ್ಲ ಸಾರ್, ಆಮೇಲೆ ನಗು ಅನ್ನಬೇಡಿ."

ಬಾಯಿ ತೆರೆಯುವುದಿಲ್ಲ ಎಂದವನು ಮುಚ್ಚಲೇ ಇಲ್ಲ. ತನ್ನ ಮನೆಯ ಮೇಲಿನ ಮಹಡಿಯಲ್ಲಿರುವ ತಮ್ಮನ ವಿಷಯ ಬಂತು, ಒಂದೇ ನಲ್ಲಿಯ ನೀರು ಹಿಡಿದರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಸ್ಕೂಟರಿನ ಹಾರ್ನು ತನ್ನಷ್ಟಕ್ಕೆ ಹೊಡೆದುಕೊಂಡು ಪೊಲೀಸಿನವನ ಕೈಗೆ ಸಿಕ್ಕಿಸಿದ ಕಥೆ ಬಂತು. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟ ಹಲ್ಲಣ್ಣ ಉಂಗುರ ತಿರುಗಿಸಿದ. ಮೂಗು ಬಂತು, ಹೋಯಿತು, ಕೆನ್ನೆ ಬಂತು, ಆಮೇಲೆ ಎಡಗಣ್ಣು. ರೆಪ್ಪೆ ಒಂದೊಂದೂ ಬೇರೆ ಬೇರೆ. ಬಿಳಿ ಭಾಗದಲ್ಲಿ ದಾರದಂಥ ಕೆಂಪು ಎಳೆ, ಮೂಲೆಯಲ್ಲಿ ಗಾಳಿಗೆ ಬಂದ ನೀರು. ಅಷ್ಟು ಹತ್ತಿರದಿಂದ ಒಂದು ಮುಖ ಅವನನ್ನೇ ನೋಡುತ್ತಿತ್ತು.

ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ.

"ಆಯ್ತಾ ಸಾರ್?"

"ಇನ್ನೂ ಫೋಕಸ್ ಸಿಕ್ಕಿಲ್ಲ. ಒಂಚೂರು ಕೂತಿರಿ."

"ಮನೇಲಿ ಯಾರ್ಯಾರು ಇದಾರೆ ಸಾರ್?"

"ಅಕ್ಕ ಇದಾಳೆ. ಬೇರೆ ಊರಲ್ಲಿ."

"ಅದು ಮನೇಲಿ ಇರೋದಾ?"

ಹಲ್ಲಣ್ಣ ಉಂಗುರವನ್ನು ಬೇಕೆಂದೇ ಆ ಕಡೆ ತಿರುಗಿಸಿ ಮುಖವನ್ನು ಮಂಜು ಮಾಡಿದ, ಮತ್ತೆ ಈ ಕಡೆ ತಿರುಗಿಸಿ ಕಣ್ಣನ್ನು ತಂದ. ಹೆಲ್ಮೆಟ್ಟಪ್ಪ ಮತ್ತೆ ಕೇಳಿದ, ಇವನು ಮತ್ತೆ ಸಿಕ್ಕಿಲ್ಲ ಎಂದ. ಹಳೇ ಲೆನ್ಸು, ಹಟಮಾರಿ ಎಂದು ಭಾವನ ಲೆನ್ಸಿನ ಮೇಲೆ ತಪ್ಪು ಹೊರಿಸಿದ. ಹೀಗೇ ಎಷ್ಟು ಹೊತ್ತಾಯಿತೋ. ಕೊನೆಗೆ ಹೆಲ್ಮೆಟ್ಟಪ್ಪನ ಫೋನು ಬಡಿದುಕೊಂಡಿತು, ಯಾರೋ ಡಾಕ್ಟರು ಕ್ಲಿನಿಕ್ಕಿನ ಬಾಗಿಲು ಹಾಕಲು ನಿಂತಿದ್ದರು. ಅವನು ಎದ್ದ. ಗಾಬರಿಯಲ್ಲಿ ಹಲ್ಲಣ್ಣನ ಬೆರಳು ಆಗ ಗುಂಡಿ ಒತ್ತಿತು.

ಇಬ್ಬರೂ ಕ್ಯಾಮೆರಾದ ಬೆನ್ನಿನ ಪರದೆಗೆ ತಲೆ ಬಗ್ಗಿಸಿದರು. ಕಿವಿಯೊಂದು, ಅದರ ಮೇಲಿನ ಬಿಳಿ ಕೂದಲು ಸಮೇತ, ಸೊಗಸಾಗಿ ಬಂದಿತ್ತು. ಕಣ್ಣಿದ್ದ ಜಾಗದಲ್ಲಿ ಎಳೆದ ಕಲೆ.

"ಕಿವಿ ಮಾತ್ರ ನಮ್ಮಪ್ಪಂದೇ ಸಾರ್," ಎಂದ ಹೆಲ್ಮೆಟ್ಟಪ್ಪ. ಮೆಟ್ಟಿಲಿಳಿಯುತ್ತ, ಸೋಮವಾರ ಬಂದಾಗ ಕೂರುತ್ತೇನೆ, ಆ ಸ್ಟೂಲಿಗೆ ಏನಾದರೂ ಮೆತ್ತಗಿರುವುದು ಹಾಕಿ, ಸೊಂಟ ಹಿಡಿಯುತ್ತೆ ಎಂದು ಕೂಗಿ ಹೇಳಿದ.

ಸೋಮವಾರ ಎಂದರೆ ಗಡುವು ಮುಗಿದ ಮೇಲೆ. ಹಲ್ಲಣ್ಣ ಇದ್ದದ್ದನ್ನೇ ಗುಂಪಿಗೆ ಹಾಕಿದ. ಕಣ್ಣೆಲ್ಲಿ ಎಂದು ಬೇಕರಿಯವನು ಕೇಳಿದ. ಎದ್ದು ಹೋಯಿತು ಎಂದು ಇವನು ಟೈಪು ಮಾಡಿದ. ಆಮೇಲೆ ಅವನು ಕೆಲಸಕ್ಕೆ ಕೂತು ಮೇಣ ಕಾಯಿಸಿದ, ಅದು ಹೆಚ್ಚು ಕರಗಿ ಹಲ್ಲುಗಳೆಲ್ಲ ವಾಲಿದವು.

ಕಿಟಕಿಯ ಬೆಳಕು ಹೋಗುವ ಹೊತ್ತಿಗೆ ಹೆಡ್‌ಮಿಸ್ ದನಿ ಬಂತು. ಮೊದಲು ಕೆಮ್ಮು, ಆಮೇಲೆ ಮಾತು.

"ಹಲ್ಲಣ್ಣ, ನಿಮ್ಮ ಕೈಗೆ ಫೋಕಸ್ ಸಿಗಲಿಲ್ಲ ಅಂದ್ರೆ ನಾನು ನಂಬಲ್ಲ. ಮೇಣದಲ್ಲಿ ಹಲ್ಲು ಕೂರಿಸೋ ಕೈ ಅದು. ಆ ಮನುಷ್ಯ ಮತ್ತೆ ಬರ್ತಾರಾ? ಬರೋದಾದ್ರೆ ಸೋಮವಾರದ ತನಕ ಬಾಗಿಲು ಹಾಕಲ್ಲ. ಇಲ್ಲಾಂದ್ರೆ ನಿಯಮ ನಿಯಮವೇ."

ಟೈಪು ಮಾಡಲು ಹೋದ ಹಲ್ಲಣ್ಣನ ಬೆರಳಲ್ಲಿ ಮೇಣವಿತ್ತು, ಅಕ್ಷರ ಹಿಡಿಯಲಿಲ್ಲ. ಒರೆಸಿಕೊಳ್ಳಬಹುದಿತ್ತು. ಒರೆಸಿಕೊಳ್ಳದೆ, ಎಲ್ಲರೂ ಒತ್ತುವ ಆ ಮೈಕಿನ ಗುರುತನ್ನು ಒತ್ತಿ ಹಿಡಿದ.

"ಬರ್ತಾರೆ ಮಿಸ್. ಸೋಮವಾರ ಬರ್ತಾರೆ." ಗಂಟಲು ಸರಿಮಾಡಿಕೊಂಡ. "ಫೋಕಸ್ ಸಿಕ್ಕಿತ್ತು. ಮೊದಲನೇ ಸಲಕ್ಕೇ ಸಿಕ್ಕಿತ್ತು. ಒತ್ತಿದ್ರೆ ಎದ್ದು ಹೋಗ್ತಾರಲ್ಲ ಅಂತ."

ಬೆರಳು ಬಿಟ್ಟ. ದನಿ ಹೋಯಿತು. ಉತ್ತರ ಕೂಡಲೇ ಬರಲಿಲ್ಲ. ಹೆಡ್‌ಮಿಸ್ ದೀಪ ಹಚ್ಚಲು ಎದ್ದಿರಬೇಕು, ಹಡಗಿಗೆ ಸಿಗ್ನಲ್ ಇರಲಿಕ್ಕಿಲ್ಲ, ಬೇಕರಿಯಲ್ಲಿ ಶನಿವಾರದ ಸಂಜೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಹಲ್ಲಣ್ಣ ಮಂಚದ ಮೇಲಿನ ದಿಂಬನ್ನು ತಂದು ಸ್ಟೂಲಿಗೆ ದಾರದಿಂದ ಕಟ್ಟಿದ, ಕೈಯಿಂದ ಅದುಮಿ ನೋಡಿದ. ಸೋಮವಾರಕ್ಕೆ ಮುಂಚೆ ಒಂದು ಇಡೀ ಭಾನುವಾರ ಇತ್ತು. ಮತ್ತೆ ಮೇಣದ ಮುಂದೆ ಕೂತು, ಅಭ್ಯಾಸದಂತೆ ಕೈ ಚಾಚಿ ಫೋನಿನಲ್ಲಿ ಕೊನೆಗೆ ಬಂದ ದನಿಯನ್ನು ಒತ್ತಿದ. ಅದು ಅವನದೇ ದನಿ. ನಿಲ್ಲಿಸಲಿಲ್ಲ. ಪೂರ್ತಿ ಕೇಳಿಸಿಕೊಳ್ಳುತ್ತ ವಾಲಿದ ಹಲ್ಲುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡತೊಡಗಿದ.