ಅಣ್ಣ ಹಾಕುತ್ತಿದ್ದ ಗುಂಡಿ

"ಸ್ವಲ್ಪ ಎತ್ತಿ ಹಿಡೀರಪ್ಪಾ, ತೋಳು ತೂರಿಸ್ಬೇಕು," ಎಂದು ಅತ್ತಿಗೆ ಇಸ್ತ್ರಿ ಮಾಡಿದ ಅಂಗಿ ಹಿಡಿದು ನಿಂತಿದ್ದಳು. ಚಾಪೆಯ ಮೇಲಿದ್ದ ಅಣ್ಣನ ಮೈ ಆಗಲೇ ಸೆಟೆದುಕೊಂಡಿತ್ತು. ಪ್ರೆಸ್ಸಿನ ಹಳೆಯ ಫೋರ್‌ಮನ್ ಹೆಗಲಿಗೆ ಕೈ ಕೊಟ್ಟ. ತಮ್ಮ ಮಾತ್ರ ಗೋಡೆಗೊರಗಿ ಕುಳಿತಿದ್ದ. ಅವನಿಗೆ ಬಲಗೈ ಮಣಿಕಟ್ಟಿನಿಂದಾಚೆ ಇಲ್ಲ. ಅವನು ತೊಟ್ಟಿದ್ದ ಅಂಗಿಯ ಗುಂಡಿಗಳೆಲ್ಲ ಬಿಚ್ಚಿಕೊಂಡಿದ್ದವು. ಬೆಳಗ್ಗೆ ಬಂದು ಅವನ್ನು ಹಾಕಬೇಕಾದವನು ಇಲ್ಲಿ ಮಲಗಿದ್ದ.

"ಪಾಪ, ಇನ್ನು ಇವನಿಗೆ ಯಾರು ಗತಿ?" ಎಂದಳು ಪಕ್ಕದ ಮನೆಯಾಕೆ. "ಜ್ವರ ಬಂದ್ರೂ ಹೋಗಿ ಗುಂಡಿ ಹಾಕಿ ಬರೋರು, ಪುಣ್ಯಾತ್ಮ."

"ಬೇಡ ಅಂದ್ರೆ ಕೇಳ್ಬೇಕಲ್ಲ!" ಎಂದಳು ಅತ್ತಿಗೆ. "'ನಾನು ಮಾಡಿದ ಪಾಪ ಕಣೇ, ಈ ಜನ್ಮದಲ್ಲೇ ತೀರ್ಲಿ, ಅವನ ಬಾಯಲ್ಲಿ ಸಾಕು ಅಂತ ಬರೋವರೆಗೂ ಹೋಗ್ತೀನಿ' ಅನ್ನೋರು."

ತಮ್ಮ ತಲೆ ತಗ್ಗಿಸಿದ.

*

ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಕೆಲಸ ಅಣ್ಣತಮ್ಮಂದಿರದು. ತಮ್ಮ ಕಾಗದ ಜೋಡಿಸಬೇಕು, ಅಣ್ಣ "ಕೈ!" ಎಂದು ಕೂಗಿ ಅಲಗು ಇಳಿಸಬೇಕು. ಕೂಗು ಕೇಳಿದರೆ ತಮ್ಮ ಕೈ ತೆಗೆಯುತ್ತಿದ್ದ. ಆ ದಿನ ಅವನು ಅಣ್ಣನ ಹೊಸ ಅಂಗಿಯನ್ನು ಕೇಳದೆ ತೊಟ್ಟು ಬಂದಿದ್ದ. ಅಷ್ಟಕ್ಕೇ ಅಣ್ಣ ಮುಖ ಊದಿಸಿಕೊಂಡು ಮಾತು ಬಿಟ್ಟ. ಮಾತು ಬಿಟ್ಟವನು ಕೂಗುವುದಾದರೂ ಹೇಗೆ? ಅಲಗು ಸದ್ದಿಲ್ಲದೆ ಇಳಿಯಿತು.

ಆಮೇಲೆ ದಿನಾ ಬೆಳಗ್ಗೆ ಅಣ್ಣ ಇವನ ಕೋಣೆಗೆ ಬರುತ್ತಿದ್ದ. ಅಂಗಿಯ ತೋಳು ಹಿಡಿದು ಮೆಲ್ಲಗೆ "ಕೈ" ಎನ್ನುತ್ತಿದ್ದ. ಕೊನೆಯ ಗುಂಡಿ ಹಾಕಿ ಒಂದು ಗಳಿಗೆ ತಮ್ಮನ ಮುಖ ನೋಡುತ್ತಿದ್ದ. ಎಡಗೈಯಲ್ಲೇ ಗುಂಡಿ ಹಾಕಿಕೊಳ್ಳುವುದನ್ನು ತಮ್ಮ ಎಂದೋ ಕಲಿತಿದ್ದ. ಮೊದಮೊದಲು ಸಿಟ್ಟಿಗೆ ಹೇಳಲಿಲ್ಲ. ಸವೆಸಲಿ ಅವನ ಕರ್ಮ ಎಂದುಕೊಂಡ. ಸಿಟ್ಟು ಆರಿದ ಮೇಲೂ ಹೇಳಲಿಲ್ಲ. ಸಾಕು ಎಂದುಬಿಟ್ಟರೆ ನಾಳೆಯಿಂದ ಅಣ್ಣ ಬರುವುದಿಲ್ಲವಲ್ಲ ಎಂಬ ದಿಗಿಲು. ನಿನ್ನೆಯೂ ಅಣ್ಣ ಮುಖ ನೋಡಿದ್ದ. ನಿನ್ನೆಯೂ ಇವನು ಬಾಯಿ ಬಿಡಲಿಲ್ಲ.

*

ಅತ್ತಿಗೆಯ ಕೈಯಿಂದ ಅಂಗಿ ಜಾರಿತು. ತಮ್ಮ ಎದ್ದು ಬಂದ.

"ಬಿಡಿ ಅತ್ತಿಗೆ, ನಾನು ತೊಡಿಸ್ತೀನಿ."

ಅಂಗಿಯ ತೋಳು ಅಗಲಿಸಿ, ಅಣ್ಣನ ಕಿವಿಯ ಬಳಿ ಬಾಗಿ, "ಕೈ" ಎಂದ. ಫೋರ್‌ಮನ್ ಕೈ ಎತ್ತಿಕೊಟ್ಟ. ಆಮೇಲೆ ತಮ್ಮನ ಎಡಗೈ ಬೆರಳುಗಳು ಒಂದೊಂದೇ ಗುಂಡಿಯನ್ನು ಸಲೀಸಾಗಿ ಹಾಕುತ್ತಾ ಹೋದವು.

"ನಿಂಗೆ ಬರುತ್ತಾ?" ಎಂದಳು ಅತ್ತಿಗೆ, ನಂಬಲಾರದೆ.

ಅವನು ಅವಳ ಕಡೆ ತಿರುಗಲಿಲ್ಲ. "ಸಾಕಣ್ಣ," ಎಂದ ಹೆಣದ ಮುಖ ನೋಡುತ್ತಾ. "ಸಾಕು." ಅಳು ಉಕ್ಕಿ ಬಂತು.

ಹೆಣ ಹೊತ್ತುಕೊಂಡು ಹೊರಟಾಗ ತಮ್ಮನಿಗೆ ಫೋರ್‌ಮನ್, "ಗುಂಡಿ ಹಾಕ್ಕೊಳ್ಳಪ್ಪಾ, ಚಳಿಗಾಳಿ ಇದೆ," ಎಂದ.

ಅವನು ಹಾಕಿಕೊಳ್ಳಲಿಲ್ಲ. ಬೀದಿಯುದ್ದಕ್ಕೂ ಅಂಗಿ ಎರಡೂ ಕಡೆ ಹಾರಾಡುತ್ತಿರಲು, ಬರಿಯ ಎದೆಯಲ್ಲಿ ಅಣ್ಣನ ಹಿಂದೆ ನಡೆದ.